ಬಕೆಟ್ಟಿನಲ್ಲಿ ಕಡಲಹಂದಿ

ನವೆಂಬರಿನಿಂದ ಜನವರಿವರೆಗೆ ಪ್ರತಿ ರಾತ್ರಿ
ನನ್ನ ಯಂತ್ರ ಅದನ್ನು ಕೇಳಿಸಿಕೊಂಡಿತು.
ಸೆಕೆಂಡಿಗೆ ಒಂದು ಲಕ್ಷ ಮೂವತ್ತು ಸಾವಿರ ಸಲ ನಡುಗುವ
ಚಿಟುಕು, ಮತ್ತೆ ಚಿಟುಕು, ಚಿಟುಕಿನ ಸರ.
ನಮ್ಮ ಕಿವಿಗೆ ನಿಲುಕದ್ದು. ಪರದೆಯ ಮೇಲೆ
ಹೊಲಿಗೆ ಹಾಕಿದಂತೆ ಸಣ್ಣ ಸಣ್ಣ ಗೆರೆ.

ಕಡಲಹಂದಿ. ನಮ್ಮ ಪೋಲಿಷ್ ಮಾತಿನಲ್ಲೂ ಹೆಸರು ಹಾಗೇ,
ಕಡಲಿಗೆ ಹಂದಿಯನ್ನು ಬೆಸುಗೆ ಹಾಕಿದ್ದು.
ಮುತ್ತಜ್ಜಂದಿರ ಕಾಲದಲ್ಲಿ ಹಿಡಿದು ತಂದರೆ ಇನಾಮು ಇತ್ತಂತೆ.
ಈಗ ಕಂಡೆ ಎನ್ನುವವರೇ ಅಪರೂಪ.

ಯಸ್ತಾರ್ನ್ಯಾದ ಬಂದರಿನಲ್ಲಿ ಸುದ್ದಿ ಹಬ್ಬಿತು.
ಶಾಲೆಯ ಮಕ್ಕಳು ಅದಕ್ಕೆ ಬುರ್ಶ್ಟಿನೆಕ್ ಎಂದು ಹೆಸರಿಟ್ಟರು.
ಮುದುಕ ಆವ್ಗುಸ್ತಿನ್, ಯಾರೂ ಹೇಳುವ ಮೊದಲೇ,
ಬಲೆಗಳನ್ನೆತ್ತಿ ಆಚೆಬದಿಯ ಮೀನಿಲ್ಲದ ನೀರಿಗೆ ಬಿಟ್ಟ.
"ಇರಲಿ, ಒಂದು ಚಳಿಗಾಲ ತಾನೇ."

ಪೆಟ್ಟಿಗೆ ದಡಕ್ಕೆ ಬಂದದ್ದು ಬ್ಯಾಟರಿ ಬದಲಿಸಲು.
ಹೈಡ್ರೋಫೋನನ್ನು ನೆಲ ಒರೆಸುವ ಬಕೆಟ್ಟಿನ
ನಲ್ಲಿನೀರಿಗೆ ಇಳಿಬಿಟ್ಟು ಚಹಾ ಕಾಸಲು ಹೋದೆ.
ಬಂದು ನೋಡಿದರೆ
ಬಕೆಟ್ಟಿನಲ್ಲಿ ಕಡಲಹಂದಿ.

ನಗಬೇಕಿತ್ತು.
ಚಹಾ ಆರಿಹೋಯಿತು.

ಬೇಲಿಯೇ ಎದ್ದು ಹೊಲ ಮೇದಿತ್ತು.
ಅನ್ನ ಹಾಕುವ ತಂತಿಯೇ ಅನ್ನಕ್ಕೆ ಕಲ್ಲು ಬೆರೆಸುತ್ತಿತ್ತು.
ಬ್ಯಾಟರಿ ಉಳಿಯಲೆಂದು ನಾನೇ ಆರಿಸಿದ ಸ್ವಿಚಿಂಗ್ ರೆಗ್ಯುಲೇಟರು
ಕೆಲಸ ಕಮ್ಮಿಯಾದಾಗ ತೂಕಡಿಸುತ್ತದೆ,
ವೋಲ್ಟೇಜು ತುಸು ಕುಸಿದರೆ ಬೆಚ್ಚಿ ಎದ್ದು
ನಾಲ್ಕಾರು ಸಲ ಒದ್ದು
ಮತ್ತೆ ತೂಕಡಿಸುತ್ತದೆ. ಅದೇ ಚಿಟುಕು. ಅದೇ ಸರ.
ಮೂರು ವೋಲ್ಟಿನ ಮೇಲೆ ಬರೀ ಎಂಟು ಮಿಲಿವೋಲ್ಟಿನ ಅಲೆ.
ಆದರೆ ಪಕ್ಕದಲ್ಲೇ ಆಂಪ್ಲಿಫೈಯರು ಕೂತಿತ್ತು,
ಪಿಸುಮಾತನ್ನು ಸಾವಿರ ಪಟ್ಟು ಹಿಗ್ಗಿಸುವುದೇ ಅದರ ಹೊಟ್ಟೆಪಾಡು.

ಎಲ್ಲರೂ ಹಾಕುವಂತೆ ಫೆರೈಟ್ ಮಣಿ ಹಾಕಿದೆ.
ಸದ್ದು ಇಮ್ಮಡಿಯಾಯಿತು.
ಮಣಿ ಕಾಯುವುದು ಮೆಗಾಹರ್ಟ್ಜ್‌ಗಳ ಬಾಗಿಲನ್ನು.
ಈ ತಗ್ಗಿನ ದಾರಿಯಲ್ಲಿ ಅದು ಕೆಪಾಸಿಟರಿನ ಕೈಹಿಡಿದು
ಉಯ್ಯಾಲೆಯಾಡಿತು, ಅದೂ ಸರಿಯಾಗಿ ಕಡಲಹಂದಿಯ ತಾಳಕ್ಕೆ.

ಕಿತ್ತೆ. ಆ ಜಾಗಕ್ಕೆ ಹತ್ತು ಓಮಿನ ರೆಸಿಸ್ಟರು,
ಅಕ್ಕಿನುಚ್ಚಿಗಿಂತ ಚಿಕ್ಕದು, ಬಡಪಾಯಿ,
ತಾನು ಒಂದಿಷ್ಟು ಬೆಚ್ಚಗಾಗಿ ಅಲೆಯನ್ನು ನುಂಗಿಕೊಳ್ಳುತ್ತದೆ.
ಅದರ ಹಿಂದೆ ನಲವತ್ತೇಳು ಮೈಕ್ರೋಫ್ಯಾರಡಿನ ತೊಟ್ಟಿ.
ಆಮೇಲೂ ಚೂರು ಉಳಿಯಿತು.
ನೆಲವನ್ನು ಅನುಮಾನಿಸಲು ಇನ್ನೆರಡು ದಿನ ಬೇಕಾಯಿತು.
ಹೋದ ಕರೆಂಟು ಮರಳಲೇಬೇಕಲ್ಲ. ರೆಗ್ಯುಲೇಟರಿನದು ಮರಳುವಾಗ
ಆಂಪ್ಲಿಫೈಯರಿನ ಅಂಗಳ ಹಾಯ್ದು ಹೋಗುತ್ತಿತ್ತು, ಕೆಸರುಗಾಲಿನಲ್ಲಿ.
ತಾಮ್ರದ ದಾರಿಯನ್ನೇ ಬೇರೆ ಬರೆದೆ.

ಫೆಬ್ರವರಿ ಆರು. ಬಕೆಟ್ಟು ಬರೀ ಬಕೆಟ್ಟಾಯಿತು.
ಇಷ್ಟು ಚೊಕ್ಕ ಮೌನವನ್ನು ಹಿಂದೆಂದೂ ಮಾಡಿರಲಿಲ್ಲ.
ತೋರಿಸಲು ಯಾರನ್ನೂ ಕರೆಯಲಿಲ್ಲ.

ಆವ್ಗುಸ್ತಿನ್ ದೋಣಿಯ ಹಲಗೆಗೆ ಡಾಂಬರು ಬಳಿಯುತ್ತಿದ್ದ.
ಹೇಳಿದೆ. ಕುಂಚ ಇಳಿಸಲಿಲ್ಲ.
"ಅಂದರೆ ಒತಿಲ್ಯಾ, ಮೂರು ತಿಂಗಳು
ನಾನು ದಾರಿ ಬಿಟ್ಟದ್ದು ನಿನ್ನ ಬ್ಯಾಟರಿಗೆ."
ಹೌದು.
"ಶಾಲೆಗೆ ನೀನೇ ಹೋಗಿ ಹೇಳು. ನನ್ನಿಂದಾಗದು."
ಅಂದು ಸಂಜೆಯೇ ಬಲೆಗಳನ್ನು ಹಳೆಯ ನೀರಿಗೆ ತಂದ.

ಪೆಟ್ಟಿಗೆ ಮತ್ತೆ ಕೊಲ್ಲಿಯ ತಳದಲ್ಲಿದೆ.
ಪರದೆಯಲ್ಲಿ ಮಂಜುಗಡ್ಡೆ ಬಿರಿದದ್ದು, ದೂರದ ಹಡಗು,
ಆಮೇಲೆ ರಾತ್ರಿಗಟ್ಟಲೆ ಏನೂ ಇಲ್ಲ,
ಏನೂ ಇಲ್ಲವೆಂದು ನಂಬಬಹುದಾದ ಏನೂ ಇಲ್ಲ.

ನಿನ್ನೆ, ನಡುರಾತ್ರಿ ಎರಡು ನಲವತ್ತಕ್ಕೆ,
ಹನ್ನೊಂದು ಚಿಟುಕು.
ನಡುವಿನ ಅಂತರ ಕಿರಿದಾಗುತ್ತ, ಕಿರಿದಾಗುತ್ತ
ಕೊನೆಗೆ ಒಂದೇ ಝೇಂಕಾರ, ಏನನ್ನೋ ಬೆನ್ನಟ್ಟಿ ಹಿಡಿದಂತೆ.
ರೆಗ್ಯುಲೇಟರಿಗೆ ಹಸಿವಿಲ್ಲ.
ಆದರೂ ಇನ್ನೊಂದು ಬೋರ್ಡು ತೆಗೆದು, ಬಕೆಟ್ಟು ತುಂಬಿಸಿ
ನಾಲ್ಕೂವರೆವರೆಗೆ ಕಾದೆ. ನೀರು ಸುಮ್ಮನಿತ್ತು.

ಆವ್ಗುಸ್ತಿನನ ಬಲೆ ಅಲ್ಲೇ ಇದೆ.
ಬೂಟು ಮೆಟ್ಟಿ ಹೊರಟೆ, ಬಾಗಿಲ ತನಕ ಹೋಗಿ
ಹಿಂದಿರುಗಿ ಬಕೆಟ್ಟನ್ನೂ ಎತ್ತಿಕೊಂಡೆ.